ಮತ್ತಿಗಿರಿಯ ಕುದುರೆಗಳು



ನಮ್ಮ ಹೊಸೂರಿನ ಮತ್ತಿಗಿರಿಯಲ್ಲಿರುವ ಜಾನುವಾರು ಕ್ಷೇತ್ರವು 1824ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಸೈನ್ಯಕ್ಕೆ ಕುದುರೆ ಒದಗಿಸಲೆಂದು ಸ್ಥಾಪಿತವಾದುದು. ಸವಾರಿಯ ಕುದುರೆಗೆ ವೇಗ ಮುಖ್ಯ. ಫಿರಂಗಿ ಎಳೆಯುವುದಕ್ಕೆ ಅಗಲವಾದ ಎದೆ, ಗಟ್ಟಿ ಮೂಳೆ, ಸದ್ದಿಗೆ ಬೆದರದ ಸ್ವಭಾವ ಬೇಕು. ಅಂಥವು ಈ ದೇಶದಲ್ಲಿ ಸಾಕಷ್ಟು ಹುಟ್ಟದೆ, ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್‌ನಿಂದ ಹಡಗೇರಿ ಬಂದವು. ಅದರಿಂದಲೇ ಅವಕ್ಕೆ ‘ವೇಲರ್’ ಎಂಬ ಹೆಸರು. ರೈತನ ನೇಗಿಲಿಗೆ ಮಾತ್ರ ಹಳ್ಳಿಕಾರ್, ಆಲಂಬಾಡಿ ಎತ್ತುಗಳೇ ಆಧಾರವಾಗಿದ್ದವು. ನನಗಂತೂ ಎತ್ತೇ ಹೆಚ್ಚು ಪ್ರಿಯ!

ಆ ಲಾಯಗಳಿಗೆ ಹುಲ್ಲು ಹೊತ್ತವರು, ಮಾಲೀಸು ಮಾಡಿದವರು, ಲಾಳ ಹೊಡೆದವರು ಯಾರು? ಅವರ ಮರಿಮಕ್ಕಳು ಈ ಸಭೆಯಲ್ಲೇ ಇರಬಹುದು. ಮನೆಯ ಹಿರಿಯರಿಂದ ಕೇಳಿದುದನ್ನು ಮಕ್ಕಳ ಕೈಯಿಂದ ಕನ್ನಡದಲ್ಲಿ ಬರೆಸಿರಿ. ಹೇಳಬಲ್ಲ ಹಿರಿಯರು ಈಗ ಕೆಲವರೇ ಉಳಿದಿದ್ದಾರೆ.