ಸುಟ್ಟದ್ದೆಲ್ಲ ಭಸ್ಮವಲ್ಲ



ಇಂದು ನಾವು ಕಸದ ವಿಷಯವನ್ನು ಹೇಳಬೇಕೆಂದಿದ್ದೇವೆ. ಗದ್ದುಗೆಯ ಮುಂದೆ ಕುಳಿತು ಕಸದ ಮಾತೇ ಎಂದು ಕೆಲವರಿಗೆ ಅನಿಸೀತು. ಶರಣೆ ಸತ್ಯಕ್ಕನವರು ಶಿವಭಕ್ತರ ಮನೆಯಂಗಳ ಗುಡಿಸುವುದನ್ನೇ ಕಾಯಕ ಮಾಡಿಕೊಂಡಿದ್ದರು. ಗುಡಿಸುವುದು ಕಾಯಕವಾದರೆ, ಗುಡಿಸಿದ ಕಸವನ್ನು ಏನು ಮಾಡಬೇಕೆಂಬುದೂ ಆ ಕಾಯಕಕ್ಕೇ ಸೇರಿದ್ದು.

ಮೊದಲು ನಮ್ಮ ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳುತ್ತೇವೆ. ಹಿಂದಿನ ಒಂದು ಜಾತ್ರೆಯಲ್ಲಿ ದಾಸೋಹ ಮುಗಿದ ಮೇಲೆ ಥರ್ಮಾಕೋಲ್ ತಟ್ಟೆ, ಪ್ಲಾಸ್ಟಿಕ್ ಲೋಟ, ನೀರಿನ ಪಾಕೀಟು ಎಲ್ಲವನ್ನೂ ಮಠದ ಹಿಂದೆ ರಾಶಿ ಹಾಕಿ ಸಂಜೆ ಬೆಂಕಿ ಇಟ್ಟರು. ನಾವು ನೋಡಿದೆವು, ಬೇಡವೆನ್ನಲಿಲ್ಲ. ಜಾಗ ಸ್ವಚ್ಛವಾಯಿತಲ್ಲ ಎಂದು ಸಮಾಧಾನಪಟ್ಟೆವು. ರಾಶಿ ರಾತ್ರಿಯಿಡೀ ಹೊಗೆಯಾಡಿತು. ಬೆಳಗಾಗುವುದರೊಳಗೆ ಹಿಂದಿನ ಓಣಿಯ ತಾಯಿಯೊಬ್ಬಳು ಮಗುವನ್ನು ಎತ್ತಿಕೊಂಡು ಬಂದಳು. "ಅಪ್ಪಾರ, ಹುಡುಗಗ ರಾತ್ರಿಯೆಲ್ಲಾ ಉಸಿರಾಡಾಕ ಆಗಿಲ್ರಿ. ಒಂದಿಷ್ಟು ವಿಭೂತಿ ಕೊಡ್ರಿ" ಎಂದಳು. ನಾವು ಮಗುವಿನ ಹಣೆಗೆ ವಿಭೂತಿ ಹಚ್ಚಿ, ಕೂಡಲೇ ದವಾಖಾನೆಗೆ ಕಳಿಸಿದೆವು. ಮಗು ಗುಣವಾಯಿತು. ಆದರೆ ಆ ತಾಯಿಗೆ ನಮ್ಮ ಮೇಲೆ ಒಂದಿಷ್ಟೂ ಸಿಟ್ಟಿರಲಿಲ್ಲ. ಅದೇ ನಮ್ಮನ್ನು ಹೆಚ್ಚು ಸುಟ್ಟಿತು. ಹೊಗೆಯೂ ಮಠದ್ದು, ವಿಭೂತಿಯೂ ಮಠದ್ದು!

ನಾವು ಭಸ್ಮವನ್ನು ಹಣೆಗೆ ಧರಿಸುವ ಜನ. ಆಕಳ ಸಗಣಿ ಸುಟ್ಟರೆ ಭಸ್ಮವಾಗುತ್ತದೆ. ಆದರೆ ಸುಟ್ಟದ್ದೆಲ್ಲ ಭಸ್ಮವಲ್ಲ. ನಮ್ಮ ಹಿರಿಯರ ತಿಪ್ಪೆಯಲ್ಲಿ ಸಗಣಿ, ಬೂದಿ, ಎಲೆ, ಕಸಕಡ್ಡಿ ಇರುತ್ತಿತ್ತು; ಅದು ಕೊಳೆತು ಹೊಲಕ್ಕೆ ಗೊಬ್ಬರವಾಗುತ್ತಿತ್ತು. ಇಂದಿನ ತಿಪ್ಪೆಯಲ್ಲಿ ಹಾಲಿನ ಪಾಕೀಟು, ಟೈರು, ವೈರು, ಕೀಟನಾಶಕದ ಡಬ್ಬಿ ಇವೆ. ಬೀದಿಯ ಬೆಂಕಿ ಪೂರ್ತಿ ಉರಿಯುವುದಿಲ್ಲ, ಒಳಗೊಳಗೇ ಕಮರುತ್ತದೆ. ಅದರಿಂದ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಏಳುತ್ತದೆ. ಪಿ.ವಿ.ಸಿ. ಎಂಬ ಪ್ಲಾಸ್ಟಿಕ್ ಸುಟ್ಟರೆ ಡಯಾಕ್ಸಿನ್ ಎಂಬ ಘೋರ ವಿಷ ಹುಟ್ಟುತ್ತದೆ. ಅದು ಹುಲ್ಲಿನ ಮೇಲೆ ಕೂರುತ್ತದೆ. ಆ ಹುಲ್ಲನ್ನು ಆಕಳು ಮೇಯುತ್ತದೆ, ವಿಷವು ಹಾಲಿನ ಕೊಬ್ಬಿನಲ್ಲಿ ಸೇರುತ್ತದೆ, ಆ ಹಾಲನ್ನು ನಮ್ಮ ಮಕ್ಕಳು ಕುಡಿಯುತ್ತಾರೆ. ಹೊಗೆಯ ಸೂಕ್ಷ್ಮ ಕಣಗಳು ತಲೆಗೂದಲಿನ ದಪ್ಪದ ಮೂವತ್ತನೆಯ ಒಂದು ಪಾಲಿಗಿಂತಲೂ ಸಣ್ಣವು. ಮೂಗಿನಲ್ಲಿ ನಿಲ್ಲದೆ ಪುಪ್ಪುಸದ ಆಳಕ್ಕೆ ಇಳಿಯುತ್ತವೆ. ಕಸ ಕಣ್ಣಿಗೆ ಮರೆಯಾಯಿತು, ಅಷ್ಟೇ. ನಮ್ಮೊಳಗೇ ಬಂದು ಕುಳಿತಿತು.

ಇದಕ್ಕೆ ಕಾಯಿದೆಯೂ ಇದೆ. ಬೆಂಗಳೂರಿನ ಅಲ್ಮಿತ್ರಾ ಪಟೇಲ್ ಎಂಬ ತಾಯಿ ದೇಶದ ಕಸದ ದುರವಸ್ಥೆಯನ್ನು ಕುರಿತು 1996ರಲ್ಲಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. ಆ ದಾವೆ ಮುಂದೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಯಿತು. 2016ರ ಡಿಸೆಂಬರಿನಲ್ಲಿ ಮಂಡಳಿಯು ಬಯಲಿನಲ್ಲಿ ಕಸ ಸುಡುವುದನ್ನು ದೇಶದಾದ್ಯಂತ ನಿಷೇಧಿಸಿತು. ಸಾಮಾನ್ಯವಾಗಿ ಸುಟ್ಟವರಿಗೆ 5,000 ರೂಪಾಯಿ, ರಾಶಿಗಟ್ಟಲೆ ಸುಟ್ಟವರಿಗೆ 25,000 ರೂಪಾಯಿ ದಂಡವೆಂದು ಆಜ್ಞೆ ಮಾಡಿತು. ಬೆಂಕಿಯ ವಿಷಯದಲ್ಲಿ ಅಜಾಗರೂಕರಾಗಿ ಇನ್ನೊಬ್ಬರ ಜೀವಕ್ಕೆ ಅಪಾಯ ತಂದರೆ 6 ತಿಂಗಳವರೆಗೆ ಸೆರೆವಾಸ ಆಗಬಹುದೆಂದು, 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿದೆ. ಬೇಸಿಗೆಯ ಗಾಳಿಗೆ ಒಂದು ಕಿಡಿ ಹಾರಿದರೆ ನೆರೆಯವನ ಬಣವೆ ಏನಾದೀತೆಂದು ನಿಮಗೆ ನಾವು ಹೇಳಬೇಕಾಗಿಲ್ಲ. ಆದರೆ ಶರಣರಾದವರು ದಂಡಕ್ಕೆ ಅಂಜಿ ನಡೆಯುವುದಲ್ಲ. ದಯೆಯೇ ಧರ್ಮದ ಬೇರೆಂದು ನಂಬಿದವರು ನಾವು. ನೆರೆಮನೆಯ ಕೂಸಿನ ಉಸಿರಿಗೆ ದಯೆ ತೋರದವನು ಎಷ್ಟು ಹೊತ್ತು ಲಿಂಗಪೂಜೆ ಮಾಡಿದರೇನು?

ಹಾಗಾದರೆ ಏನು ಮಾಡಬೇಕು? ಹಸಿ ಕಸ, ಒಣ ಕಸ ಬೇರೆ ಮಾಡಿರಿ. ಹಸಿಯದು ತಿಪ್ಪೆಗೆ ಹೋಗಲಿ. ಒಣ ಕಸವನ್ನು ಪಂಚಾಯಿತಿಯ ಸ್ವಚ್ಛವಾಹಿನಿ ಗಾಡಿಗೆ ಕೊಡಿರಿ. ಎಷ್ಟೋ ಊರುಗಳಲ್ಲಿ ಆ ಗಾಡಿಯನ್ನು ನಮ್ಮ ಹೆಣ್ಣುಮಕ್ಕಳೇ ನಡೆಸುತ್ತಾರೆ. ಅವರನ್ನು ಕಸದವರೆಂದು ಕರೆಯಬೇಡಿರಿ, ಕಾಯಕದವರೆಂದು ಗೌರವಿಸಿರಿ. ಗಾಡಿ ಬಾರದಿದ್ದರೆ ಪಂಚಾಯಿತಿಗೆ ಹೋಗಿ ಕೇಳಿರಿ, ಕೇಳುವುದು ನಿಮ್ಮ ಹಕ್ಕು. ರೈತ ಬಂಧುಗಳು ಕಬ್ಬಿನ ರವದಿಗೆ ಬೆಂಕಿ ಹಚ್ಚಬೇಡಿರಿ. ಸಾಲುಗಳ ನಡುವೆ ಹಾಸಿದರೆ ನೆಲದ ತೇವ ಉಳಿಯುತ್ತದೆ, ಕೊಳೆತು ಗೊಬ್ಬರವಾಗುತ್ತದೆ.

ಮಠವೂ ತನ್ನ ಪಾಲನ್ನು ಮಾಡುತ್ತದೆ. ಈ ಜಾತ್ರೆಯಿಂದ ದಾಸೋಹದಲ್ಲಿ ಮುತ್ತಲ ಎಲೆ ಇಲ್ಲವೆ ತೊಳೆದಿಡುವ ಸ್ಟೀಲು ತಟ್ಟೆ ಮಾತ್ರ. ತಟ್ಟೆ ತೊಳೆಯುವ ಸೇವೆಗೆ ಮೊದಲ ಹೆಸರು ನಮ್ಮದನ್ನೇ ಬರೆದುಕೊಳ್ಳಿರಿ. ಎರಡನೆಯದು ಯಾರದೆಂದು ನೀವು ಹೇಳಬೇಕು. ಆ ಮಗು ಈ ಸಲದ ಜಾತ್ರೆಗೂ ಬರುತ್ತದೆ. ಅದು ಸುಖವಾಗಿ ಉಸಿರಾಡಿದರೆ ನಮ್ಮ ದಾಸೋಹ ಸಾರ್ಥಕವಾದಂತೆ.