ಸ್ವಾತಂತ್ರ್ಯವೂ ಸೃಷ್ಟಿಶಕ್ತಿಯೂ





ಸ್ವತಂತ್ರವಾಗಿ ಬಾಳಬೇಕೆಂಬುದು ಸರ್ವಮಾನವರ ಬಯಕೆಯು. ಆದರೆ ಬಂಧನವಿಲ್ಲದಿರುವುದೇ ಸ್ವಾತಂತ್ರ್ಯವೆಂದು ಬಗೆಯುವವರು ಅದರ ಅರ್ಧವನ್ನು ಮಾತ್ರ ಅರಿತವರು. ಹಗ್ಗ ಬಿಚ್ಚಿದ ಎತ್ತು ಹೊಲವನ್ನು ಮೇಯುವುದಲ್ಲದೆ ತಾನಾಗಿ ಉಳಲಾರದು. ಉಳುವ, ಬಿತ್ತುವ, ಹೊಸತನ್ನು ನಿರ್ಮಿಸುವ ಶಕ್ತಿಯು ಯಾವಾತನಲ್ಲಿ ಎಚ್ಚತ್ತಿರುವುದೋ ಆತನೇ ನಿಜವಾದ ಸ್ವತಂತ್ರನು.

ಹನ್ನೆರಡನೆಯ ಶತಮಾನದಲ್ಲಿ ಇದೇ ನಾಡಿನ ಕಲ್ಯಾಣದಲ್ಲಿ ಈ ತತ್ತ್ವವು ಪ್ರತ್ಯಕ್ಷವಾಯಿತು. ದೋಣಿ ನಡೆಸುವ ಅಂಬಿಗರ ಚೌಡಯ್ಯನೂ ಹಗ್ಗ ಹೊಸೆಯುವ ನುಲಿಯ ಚಂದಯ್ಯನೂ ತಮ್ಮ ಕಾಯಕವನ್ನು ತೊರೆಯದೆಯೇ ವಚನಕಾರರಾದರು. ಶಾಸ್ತ್ರಭಾಷೆಯು ಕೆಲವರ ಸೊತ್ತಾಗಿದ್ದ ಕಾಲದಲ್ಲಿ ಆಡುವ ನುಡಿಯೇ ಅವರಿಗೆ ಅನುಭಾವದ ನುಡಿಯಾಯಿತು. ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಪತ್ನಿಯಾದ ಲಕ್ಕಮ್ಮನು ಅದನ್ನು ಹಿಂದಿರುಗಿಸಲು ಕಳುಹಿದಳೆಂಬ ಕಥೆಯು ಸರ್ವವಿದಿತವಾದುದು. ಅರಸನ ಆಳ್ವಿಕೆಗಿಂತ ಆಸೆಯ ಆಳ್ವಿಕೆಯು ಕಠೋರವಾದುದೆಂದು ಆ ತಾಯಿಯು ಅರಿತಿದ್ದಳು. ಸಂಗ್ರಹಿಸುವುದು ಮನುಷ್ಯಸ್ವಭಾವವೇ ಸರಿ. ಸಾಕೆನ್ನುವ ಶಕ್ತಿಯೂ ಅದೇ ಸ್ವಭಾವದಲ್ಲಿಯೇ ಅಡಗಿದೆ.

ಬೀದರಿನ ಕುಶಲಿಗರ ಬಿದರಿ ಕೆಲಸವು ಈ ಮಾತಿಗೆ ದೃಷ್ಟಾಂತವಾಗಿದೆ. ಸತುವಿಗೆ ಸ್ವಲ್ಪ ತಾಮ್ರವನ್ನು ಬೆರೆಸಿ ಪಾತ್ರೆಯನ್ನು ಎರಕ ಹೊಯ್ದು, ಅದರ ಮೇಲೆ ಚಿತ್ತಾರವನ್ನು ಕೊರೆದು ಬೆಳ್ಳಿಯನ್ನು ಕೂಡಿಸುವರು. ಬಳಿಕ ಕೋಟೆಯ ಹಳೆಯ ಮಣ್ಣನ್ನೂ ನವಸಾಗರವನ್ನೂ ಕಲಸಿದ ನೀರಿನಲ್ಲಿ ಕಾಯಿಸುವರು. ಪಾತ್ರೆಯು ಕಪ್ಪಾಗುವುದು, ಬೆಳ್ಳಿಯು ಕಪ್ಪಾಗದು. ಆ ಕಪ್ಪಿನಿಂದಲೇ ಚಿತ್ತಾರವು ಎದ್ದು ಕಾಣುವುದು. ಅಂತೆಯೇ ಕಷ್ಟಕಾಲವು ಒಳಗಿನ ಸತ್ತ್ವವನ್ನು ಅಳಿಸಲಾರದು, ಬೆಳಗಿಸುವುದು.

ಇಂಥ ಕಷ್ಟಕಾಲವನ್ನು ಭಾಲ್ಕಿ ಹಿರೇಮಠದ ಪೂಜ್ಯ ಡಾ. ಚನ್ನಬಸವ ಪಟ್ಟದ್ದೇವರು ಕಂಡಿದ್ದರು. ಉರ್ದು ರಾಜಭಾಷೆಯಾಗಿದ್ದ ನಿಜಾಮರ ಆಳ್ವಿಕೆಯಲ್ಲಿ ಅವರು ಶಾಲೆಯ ಹೊರಗೆ ಉರ್ದು ಫಲಕವನ್ನು ತೂಗಿಸಿ, ಒಳಗೆ ಕನ್ನಡ ಅಕ್ಷರಗಳನ್ನು ಕಲಿಸಿದರು. ಇದು ಉರ್ದುವಿನ ಮೇಲಣ ದ್ವೇಷವಾಗಿರಲಿಲ್ಲ. ಮಕ್ಕಳ ಬಾಯಿಯ ನುಡಿಯನ್ನು ಮಕ್ಕಳಿಗೇ ಒಪ್ಪಿಸುವ ಕಾಯಕವಾಗಿತ್ತು. ರಾಜ್ಯವು ಪರಾಧೀನವಾಗಿದ್ದರೂ ಆ ಶಾಲೆಯ ಒಳಗೋಣೆಯು ಸ್ವತಂತ್ರವಾಗಿತ್ತು.

1948ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಸಂಸ್ಥಾನದ ಆಳ್ವಿಕೆಯು ಕೊನೆಗೊಂಡಿತು. 1956ರ ನವೆಂಬರ್ 1ರಂದು ಬೀದರವು ಕನ್ನಡಿಗರ ರಾಜ್ಯದಲ್ಲಿ ಸೇರಿತು. 1999ರಲ್ಲಿ ಪಟ್ಟದ್ದೇವರು ಲಿಂಗೈಕ್ಯರಾದರು. ಈಗ ಹೊರಗಿನ ಫಲಕದಲ್ಲಿಯೂ ಕನ್ನಡವಿದೆ. ಒಳಗೆ ನಡೆಯುವ ಪಾಠವೇನೆಂಬುದೇ ಉಳಿದ ಪ್ರಶ್ನೆಯು. ವಚನದ ಕಟ್ಟಿಗೆ ಹೂವೇರಿಸಿ ಓದದೆ ಇರಿಸಿದರೆ, ಕಾಯಕವನ್ನು ಹೊಗಳಿ ಕಾಯಕಜೀವಿಯನ್ನು ಹೊಸ್ತಿಲಾಚೆ ನಿಲ್ಲಿಸಿದರೆ, ಅದಕ್ಕೆ ಯಾವ ಅರಸನೂ ಹೊಣೆಯಲ್ಲ. ಅಂದು ಭಯವು ಮಾಡಲಾರದ ಹಾನಿಯನ್ನು ಇಂದು ಆಲಸ್ಯವು ಮಾಡಬಲ್ಲುದು.

ಆದುದರಿಂದ ಪ್ರತಿಯೊಬ್ಬ ಶಿಷ್ಯನೂ ತನ್ನ ಮನೆಯ ಒಂದು ಮಗುವಿಗಾದರೂ ದಿನಕ್ಕೊಂದು ವಚನವನ್ನು ಓದಿಸಿ ಅದರ ಅರ್ಥವನ್ನು ವಿಚಾರಿಸತಕ್ಕದ್ದು. ಮಗುವು ತನ್ನ ಮಾತಿನಲ್ಲಿ ಉತ್ತರಕೊಡುವ ಗಳಿಗೆಯಲ್ಲಿ ಕಲ್ಯಾಣವು ಮತ್ತೆ ಆರಂಭವಾಗುವುದು.