ಜಿಗಿಹುಳು ಕಲಿಸುವ ವಿಕಾಸದ ಪಾಠ



ಜೀವವಿಕಾಸವೆಂದರೆ ಕೋಟ್ಯಂತರ ವರ್ಷಗಳ ಹಿಂದಿನ ಕಥೆಯೆಂದು ನಾವು ಭಾವಿಸುತ್ತೇವೆ. ಗದ್ದೆಯಲ್ಲಿ ಅದು ಕೆಲವೇ ವರ್ಷಗಳಲ್ಲಿ ನಡೆದುಹೋಗುತ್ತದೆ.

ಭತ್ತದ ಕಂದು ಜಿಗಿಹುಳುವನ್ನು ತಡೆಯಬಲ್ಲ ಐಆರ್-26 ತಳಿಯನ್ನು ಫಿಲಿಪ್ಪೀನ್ಸ್‌ನ ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ 1973ರಲ್ಲಿ ಬಿಡುಗಡೆ ಮಾಡಿತು. ಅದರ ನಿರೋಧಶಕ್ತಿ ನಿಂತಿದ್ದುದು ಮುಖ್ಯವಾಗಿ ಒಂದೇ ಜೀನಿನ ಮೇಲೆ. ಅಸಂಖ್ಯ ಹುಳುಗಳ ನಡುವೆ ಆ ತಳಿಯ ರಸವನ್ನೂ ಹೀರಿ ಬದುಕಬಲ್ಲ ಕೆಲವು ಇದ್ದವು. ಯಾವ ಹುಳುವೂ ಬೇಕೆಂದು ಬದಲಾಗಲಿಲ್ಲ. ಮಿಕ್ಕವು ಹಸಿದು ಸತ್ತವು, ಇವು ಸಂತಾನ ಬೆಳೆಸಿದವು. ಡಾರ್ವಿನ್ 1859ರಲ್ಲಿ ವಿವರಿಸಿದ ನಿಸರ್ಗದ ಆಯ್ಕೆ ಇದೇ. ಕೆಲವೇ ವರ್ಷಗಳಲ್ಲಿ ಐಆರ್-26 ಬೆಳೆದ ಗದ್ದೆಗಳೂ ಸುಟ್ಟಂತೆ ಒಣಗಿದವು.

ಔಷಧಿಯ ಕಥೆ ಇನ್ನೂ ವಿಷಾದಕರ. (ವಿಷವನ್ನು ಔಷಧಿಯೆನ್ನುವ ನಮ್ಮ ರೂಢಿಯೇ ವಿಚಿತ್ರ!) ಜಿಗಿಹುಳುವಿನ ಮೊಟ್ಟೆಗಳು ಗಿಡದ ಅಂಗಾಂಶದೊಳಗೆ ಸುರಕ್ಷಿತ, ಸಾಯುವುದು ಹುಳುವನ್ನು ಹಿಡಿದು ತಿನ್ನುವ ಜೇಡ. ಇಂಡೊನೇಷ್ಯಾ 1986ರಲ್ಲಿ ಭತ್ತಕ್ಕೆ 57 ಕೀಟನಾಶಕಗಳ ಬಳಕೆಯನ್ನು ನಿಷೇಧಿಸಿದ್ದು ಈ ಅನುಭವದಿಂದಲೇ.

ಹಲವು ತಳಿಗಳನ್ನು ಬೆಳೆಯುತ್ತಿದ್ದ ಮಲೆನಾಡಿನ ಗದ್ದೆಬಯಲುಗಳಲ್ಲಿ ಹುಳುವಿನ ಮೇಲೆ ಒಂದೇ ಬಗೆಯ ಒತ್ತಡ ಬೀಳುತ್ತಿರಲಿಲ್ಲ. ಯಾರ ಮನೆಯ ಕಣಜದಲ್ಲಿ ಯಾವ ಹಳೆಯ ಬೀಜ ಇನ್ನೂ ಉಳಿದಿದೆಯೆಂಬ ಪಟ್ಟಿಯನ್ನು ವಿದ್ಯಾರ್ಥಿಗಳು ಈ ಬೇಸಿಗೆಯ ರಜೆಯಲ್ಲೇ ಸಿದ್ಧಪಡಿಸಬೇಕೆಂದು ಕೋರುತ್ತೇನೆ.